ಕಾಲು ಕೆಜಿಗೆ ಎರಡು ಉಂಡೆ

ಶಿವನಿ
ತಾ. ೧೨-೫-೧೯೮೧

ನನ್ನ ಭಾಗಿಗೆ, ನಿನ್ನ ಅವ್ವ ನೆತ್ತಿ ಸವರಿ ಬರೆಯೋದು.

ನಿನ್ನ ಕಾಗದ ಬಂದು ಹದಿನೆಂಟು ದಿನ ಆಯ್ತು. ಸಿಟ್ಟಾಗಬೇಡ ಕಣೇ. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು ನಾನು, ನಾಲ್ಕು ಸಾಲು ಬರೆಯೋಕೆ ಒಂದು ಹೊತ್ತು ಬೇಕು. ಅದೂ ನಿಮ್ಮಪ್ಪ ಹೊಲಕ್ಕೆ ಹೋದಾಗ. ಕಾಲು ಊದಿದೆ ಅಂತ ಬರೆದಿದ್ದೀಯ. ಎರಡು ಕಾಲೂನಾ, ಒಂದೇನಾ? ಮುಖವೂ ಊದಿದೆಯಾ? ಉಪ್ಪು ಕಮ್ಮಿ ಮಾಡು, ಆಸ್ಪತ್ರೆಯಲ್ಲಿ ತೋರಿಸು.

ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಿತ್ತು. ನಿಮ್ಮಪ್ಪನ ಮುಂದೆ ಮತ್ತೆ ಮಾತೆತ್ತಿದೆ. ‘ಬೇರೆ ಜಾತಿಯವನ ಹಿಂದೆ ಹೋದವಳು ಈ ಹೊಸ್ತಿಲು ತುಳಿಯಂಗಿಲ್ಲ. ನೀನು ಅಲ್ಲಿಗೆ ಹೋದ್ರೆ ಅಲ್ಲೇ ಇದ್ಬಿಡು’ ಅಂದರು. ಅರ್ಧ ಊಟಕ್ಕೇ ಎದ್ದುಬಿಟ್ಟರು.

ಅದಕ್ಕೇ, ನೀನು ಕೇಳಿದ ಮೆಂತ್ಯದುಂಡೆ ಅಳತೆಯನ್ನಾದರೂ ಸರಿಯಾಗಿ ಬರೆಯೋಣ ಅಂತ. ನಿನ್ನ ಪಕ್ಕದ ಮನೆ ತೀರ್ಥಮ್ಮನೋರು ಮಾಡಿಕೊಡ್ತೀನಿ ಅಂದಿದ್ದಾರೆ, ನಿಮ್ಮ ಲಕ್ಕವಳ್ಳಿ ಅಂಗಡೀಲಿ ಬೆಣ್ಣೆ ಗ್ರಾಂ ಲೆಕ್ಕದಲ್ಲೇ ಕೊಡೋದು ಅಂತ ಬರೆದಿದ್ದೀಯ. ನನಗೆ ಗ್ರಾಂ ಎಲ್ಲಿ ಗೊತ್ತು? ನನ್ನ ಅಳತೆ ಎಲ್ಲ ಅಂಗೈಲಿ. ಮಜ್ಜಿಗೆ ಕಡೆದು ಒಂದು ಬೆಣ್ಣೆ ಉಂಡೆ ಮಾಡಿ, ಸೆರಗಲ್ಲಿ ಮುಚ್ಚಿಕೊಂಡು ನಂಜುಂಡಪ್ಪನ ಅಂಗಡಿಗೆ ಹೋಗಿ ತೂಗಿಸಿದೆ. ನೂರೈವತ್ತು ಗ್ರಾಂ ಅಂದ. ನಂಬಿಕೆ ಬರಲಿಲ್ಲ. ಮಾರನೇ ದಿನ ಇನ್ನೊಂದು ಒಯ್ದೆ, ನೂರಿಪ್ಪತ್ತೈದು!

‘ಲೇ, ನಿನ್ನ ತಕ್ಕಡಿ ಸುಳ್ಳು’ ಅಂದೆ.

‘ತಕ್ಕಡಿ ಅಲ್ಲ ಹುಲಿಗೆಮ್ಮಕ್ಕ, ನಿನ್ನೆ ನೀನು ನೀರನ್ನೂ ತೂಗಿಸಿದ್ದೆ. ಇವತ್ತು ಹಿಂಡ್ಕೊಂಡು ಬಂದಿದೀಯ. ದಿನಾ ಬೆಣ್ಣೆ ಎತ್ಕೊಂಡು ಬತ್ತೀಯಲ್ಲ, ಅದಕ್ಕೇನು ಗಂಡು ನೋಡ್ತಿದೀಯಾ?’

ಅಂಗಡೀಲಿದ್ದೋರೆಲ್ಲ ನಕ್ಕರು. ನಾನೂ ನಕ್ಕೆ. ಯಾರಿಗೋಸ್ಕರ ಅಂತ ಬಾಯಿ ಬಿಡಲಿಲ್ಲ.

ನೋಡು, ನೀರು ಹಿಂಡಿದ ನನ್ನ ಉಂಡೆ ನೂರಿಪ್ಪತ್ತೈದು. ಕಾಲು ಕೆಜಿಗೆ ಎರಡು. ಪಾವು ಗೋಧಿಹಿಟ್ಟಿಗೆ ಒಂದು ಉಂಡೆ ಬೆಣ್ಣೆ ಕಾಸಬೇಕು. ಕಾಸಿದ ಮೇಲೆ ನೂರು ಗ್ರಾಂ ತುಪ್ಪ ನಿಂತರೆ ಹೆಚ್ಚು, ಕಮ್ಮಿ ಆಯ್ತು ಅಂತ ಗಾಬರಿ ಆಗಬೇಡಿ. ನಾಲ್ಕು ಪಾವಿನದು ಮಾಡಿಸು, ಅರ್ಧ ಕೆಜಿ ಬೆಣ್ಣೆ ತಗೋ. ಪೊಟ್ಟಣದ ಬೆಣ್ಣೇಲಿ ಉಪ್ಪು ಇರುತ್ತಂತೆ, ಅದು ಬೇಡವೇ ಬೇಡ. ಬೆಲ್ಲ ನಿನ್ನ ಬಾಯಿಗೆ ಹಿಡಿಸುವಷ್ಟು, ಪಾವಿಗೆ ಒಂದು ಹಿಡಿ ಮೆಂತ್ಯ. ನನ್ನ ಹಿಡಿ ಕಣೇ, ನಿನ್ನದಾದರೆ ಒಂದೂವರೆ. ತೀರ್ಥಮ್ಮನೋರ ಕೈ ಎಷ್ಟು ದೊಡ್ಡದೋ, ನಾನು ನೋಡಿಲ್ಲ.

ಅವರಿಗೆ ನನ್ನ ನಮಸ್ಕಾರ ಹೇಳು. ನಾನು ಮಾಡಬೇಕಾದ್ದು ಆಯಮ್ಮ ಮಾಡ್ತಿದಾರೆ. ಅಳಿಯ ಅಂಜಿನಪ್ಪನಿಗೂ ನನ್ನ ಆಶೀರ್ವಾದ. ನಿನಗೆ ಹೆಚ್ಚು ನೋವು ಕೊಡದೆ ಮಗು ಮಡಿಲಿಗೆ ಬರಲಿ ತಾಯಿ.

ನಿನ್ನ ಅವ್ವ
ಹುಲಿಗೆಮ್ಮ

ಇದೊಂದು ಬರೆಯದೆ ಕಾಗದ ಮಡಿಸೋಕೆ ಆಗ್ತಿಲ್ಲ. ಹೋದ ತಿಂಗಳು ಸಂತೆ ದಿನ ನೀನು ಬಸ್ಸಿಳಿದು ಬಂದು ಬಾಗಿಲು ಬಡಿದೆಯಲ್ಲ. ‘ನಿಮ್ಮವ್ವ ಹಿತ್ತಲ ಬಾಗಿಲಿಗೆ ಬೀಗ ಹಾಕ್ಕೊಂಡು ಕಡೂರಿಗೆ ಹೋಗಿರಬೇಕು’ ಅಂತ ಎದುರು ಮನೆ ಜವರಮ್ಮ ಹೇಳಿದಳಲ್ಲ. ನಾನು ಎಲ್ಲೂ ಹೋಗಿರಲಿಲ್ಲ ಕಣೇ. ಬಾಗಿಲ ಹಿಂದೆಯೇ ನಿಂತಿದ್ದೆ. ನೀನು ಮೂರು ಸಲ ಅವ್ವಾ ಅಂದೆ. ಆಮೇಲೆ ನೀನು ಜಗಲಿ ಮೇಲೆ ಕೂತೆ, ಏದುಸಿರು ಬಿಡೋದು ನನಗೆ ಕೇಳಿಸ್ತಿತ್ತು. ನಿಮ್ಮಪ್ಪ ತಡೆದರು ಅಂದ್ಕೋಬೇಡ. ಅವರು ಅಜ್ಜಂಪುರದಲ್ಲಿದ್ದರು. ಮನೇಲಿ ನಾನೊಬ್ಬಳೇ ಇದ್ದೆ.