ಮೊದಲು ಕೂರುವವನು

೪ ಜೂನ್ ೨೦೨೫, ಬೆಳಿಗ್ಗೆ

ಮತ್ತೊಂದು ತೆಂಗಿನಕಾಯಿ, ಮತ್ತೊಂದು ಟವೆಲ್. ನಿನ್ನೆ ಅಬ್ಬಿಗೇರಿಯವರ ಹೊಸ ಟ್ರ್ಯಾಕ್ಟರ್. ಗಾಲಿಗೆ ನಿಂಬೆಹಣ್ಣು ಇಟ್ಟಾದ ಮೇಲೆ ನನ್ನನ್ನು ಹತ್ತಿಸಿದರು. ಹೋದ ವರ್ಷ ನರಗುಂದದ ದಾರಿಯಲ್ಲಿ ಕಾಲುವೆಗೆ ಬಿದ್ದ ಕ್ರೂಸರ್ ಜೀಪಿನಿಂದ ಎದ್ದು ಬಂದವನು ನಾನೊಬ್ಬನೇ. ಅಂಥವನು ಮೊದಲು ಕೂತರೆ ಗಾಡಿಗೆ ಕೇಡಿಲ್ಲವಂತೆ. ನಮ್ಮೂರು ರೋಣದ ತರ್ಕಶಾಸ್ತ್ರ. ಸತ್ತವರಲ್ಲಿ ನನ್ನ ತಮ್ಮ ಹೇಮಂತನೂ ಇದ್ದ — ಅದು ಲೆಕ್ಕಕ್ಕಿಲ್ಲ.

ಕೂತೊಡನೆ ಬೆವರಿದೆ. ಬೆವರು ಬಂದರೆ ಶುಭ ಎಂದಳು ಯಾರೋ ಹೆಂಗಸು. ಎಲ್ಲರೂ ತಲೆಯಾಡಿಸಿದರು. ಮೂರ್ಖರ ಒಮ್ಮತ ಎಷ್ಟು ಬೇಗ ಆಗುತ್ತದೆ.

ಎಂಜಿನ್ ಶುರು ಮಾಡದಿದ್ದರೆ ಸಹಿಸಬಲ್ಲೆ. ಅಷ್ಟೇ ನನ್ನ ಪುಣ್ಯ.

೯ ಜೂನ್

ಹಿಂದಿನ ಓಣಿಯ ಗುರುಸಂಗಪ್ಪ ಶಾಲೆ ಮಕ್ಕಳನ್ನು ಸಾಗಿಸಲು ವ್ಯಾನ್ ತಂದಿದ್ದಾನೆ. ಬರೀ ಕೂತರೆ ಸಾಲದು, ಯಾವಗಲ್ ಊರಿನವರೆಗೆ ಹೋಗಿ ಬರಬೇಕಂತೆ. ಬೇಡ ಎನ್ನಬಹುದಿತ್ತು. ವಸುಧಾ — ಗಂಡನಿಗೆ ಊರಲ್ಲಿ ಮರ್ಯಾದೆ ಸಿಗಲೆಂದು ಮದುವೆಯಾದಂದಿನಿಂದ ಕಾದವಳು — ಆಗಲೇ ಚಹಾ ಇಟ್ಟಿದ್ದಳು.

೧೧ ಜೂನ್, ಮಧ್ಯಾಹ್ನ

ಹೊಸ ಸೀಟಿನ ಪ್ಲಾಸ್ಟಿಕ್ ವಾಸನೆ… ಊದಿನಕಡ್ಡಿ… ಗಾಜಿನಾಚೆ ಕಪ್ಪು ಹೊಲ, ಕಪ್ಪು ನೀರು, ಅಲ್ಲ, ಹೊಲವೇ, ಹೇಮಂತನ ಮೊಣಕೈ ನನ್ನ ಪಕ್ಕೆಗೆ, ಯಾರ ಬಳೆ ಇದು, ಬಾಯಲ್ಲಿ ಕೆಸರು, ಮೇಲೆ ಯಾವುದು ಕೆಳಗೆ ಯಾವುದು —

ಕೂಗಿದೆನಂತೆ. ನಿಲ್ಲಿಸಿದರು. ರಸ್ತೆ ಬದಿ ವಾಂತಿ. ಬಿಸಿಲಲ್ಲಿ ನಡೆದೇ ಮನೆಗೆ.

೧೫ ಜೂನ್

ಈಗ ವ್ಯಾನೇ ಕೆಟ್ಟದ್ದು. ಸಾವು ಗೆದ್ದವನೇ ನಡುದಾರಿಯಲ್ಲಿ ಇಳಿದ ಗಾಡಿ. ತಾಯಂದಿರು ಮಕ್ಕಳನ್ನು ಹತ್ತಿಸುತ್ತಿಲ್ಲ. ಕೆಟ್ಟಿರುವುದು ನಾನು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಗುರುಸಂಗಪ್ಪ ಬಂದಿದ್ದ. ಕೂರಲಿಲ್ಲ.

"ಮತ್ತೊಮ್ಮೆ ಹತ್ತಬೇಕ್ರಿ ಸರ್. ಓಣಿ ಮಂದಿ ಎಲ್ಲಾ ನೋಡೂಹಂಗ. ಇಲ್ಲಾಂದ್ರ ಆ ಗಾಡ್ಯಾಗ ನಾ ಏನ್ ಕೋಳಿ ಸಾಕ್ಲಿ?"

ಅವತ್ತು ಪಿತ್ತ ಏರಿತ್ತು ಎಂದೆ. ನಾಡಿದ್ದು ಹತ್ತುತ್ತೇನೆ ಎಂದೆ. ಅವನು ಹೋದ ಮೇಲೆ ವಸುಧಾ ಚಹಾದ ಕಪ್ ಎತ್ತುತ್ತ, "ಪಿತ್ತ ಅಂತ. ದಿನಾ ಹಾಸಿಗಿ ತೊಯ್ಯೂಹಂಗ ಬೆವರ್ತೀರಿ. ಒಮ್ಮೆ ಖರೇ ಹೇಳ್ರಿ. ಅವರ ಟವೆಲ್ ನಮಗ ಬ್ಯಾಡ" ಎಂದಳು.

ಇಷ್ಟು ದಿನ ಅವಳನ್ನೂ ಆ ಮೂರ್ಖರ ಜೊತೆ ಸೇರಿಸಿದ್ದೆ. ಅದು ಸುಲಭವಾಗಿತ್ತು.

೧೭ ಜೂನ್, ಬೆಳಿಗ್ಗೆ

ಓಣಿಯೆಲ್ಲ ಹೊರಗೆ. ವ್ಯಾನಿಗೆ ಹಾರ. ಗುರುಸಂಗಪ್ಪ ಬಾಗಿಲು ತೆರೆದು ಹಿಡಿದಿದ್ದ. ಹತ್ತಲಿಲ್ಲ.

"ನನಗ ಅಂಜಿಕಿ ಬರ್ತೈತಿ, ಗುರುಸಂಗಪ್ಪ. ಯಾವ ಗಾಡಿ ಆದ್ರೂ. ನಿನ್ನ ಗಾಡಿದು ತಪ್ಪಿಲ್ಲ."

ನಕ್ಕರು. ದೊಡ್ಡವರ ವಿನಯ ಅಂದುಕೊಂಡರು, ದನಗಳು. ಇನ್ನೊಮ್ಮೆ ಹೇಳಿದೆ. ಅವತ್ತು ಪಿತ್ತ ಅಲ್ಲ, ಅಂಜಿಕೆಗೇ ಕೂಗಿದ್ದು ಎಂದೆ. ನಗು ಒಂದೊಂದಾಗಿ ನಿಂತಿತು. ಮಕ್ಕಳು ಮಾತ್ರ ಕೆಳಗೇ ನಿಂತಿದ್ದರು. ಆಗ ವಸುಧಾ ಸೆರಗು ಸೊಂಟಕ್ಕೆ ಸಿಗಿಸಿ ತಾನೇ ಹತ್ತಿ ಕೂತಳು. "ನಡೀರಿ ಗುರುಸಂಗಣ್ಣಾರ, ಯಾವಗಲ್‌ಗೆ."

ಹೋಗಿ ಬಹಳ ಹೊತ್ತಾಯಿತು. ಬರಬೇಕಿತ್ತು. ಇಲ್ಲಿ ಕೂತು ಬರೆಯುತ್ತಿದ್ದೇನೆ, ಕಿವಿ ರಸ್ತೆಯ ಕಡೆ. ಈಗೊಂದು ಗಾಡಿ… ಅಲ್ಲ, ಟ್ರ್ಯಾಕ್ಟರ್. ದಾರಿಯಲ್ಲಿ ಕಾಲುವೆ ಇಲ್ಲ, ಆ ದಾರಿಯಲ್ಲಿ ಕಾಲುವೆ —