ಬೆಳ್ಳಕ್ಕಿಕೋಡಿಗೆ ಹೋಗುವವರಿಗೆ

ಹೊಳೆಕೂಟದ ಕಚೇರಿ, ಅಘನಾಶಿನಿಯ ಕೆಳದಂಡೆ
೨೨೧೪ನೇ ಇಸವಿ, ನವೆಂಬರ್ ಮೂವತ್ತೊಂದು

ರಜೆಗೆ ಕಯಾಕಿಂಗ್ ಮಾಡಲು ಚಂದದ ಜಾಗ ಹುಡುಕುತ್ತ ಕುಳಿತಿರುವವರಿಗೆ ಕಮಲಾಕ್ಷಿ ಹರಿಕಂತ್ರಳ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಮ್ಮ ನವೆಂಬರಿಗೆ ಮೂವತ್ತೊಂದು ದಿನ ಇರುವುದು ಹೌದು. ಭರತ ಇಳಿತದ ಲೆಕ್ಕಕ್ಕೆ, ಅಂದರೆ ಹೊಳೆಯ ಬಾಯಲ್ಲಿ ಸಮುದ್ರದ ನೀರು ಏರಿ ಇಳಿಯುವ ಲೆಕ್ಕಕ್ಕೆ, ತಿಂಗಳುಗಳನ್ನು ಹೊಂದಿಸುವಾಗ ಒಂದೆರಡು ದಿನ ಆಚೀಚೆ ಜರುಗಿಸಿದರಂತೆ. ಯಾಕೆ ಅಂತ ಕೇಳಿದರೆ ನಮ್ಮ ಶಾಲೆಯ ಅಕ್ಕೋರಿಗೂ ಸರಿಯಾಗಿ ಹೇಳಲಿಕ್ಕೆ ಬರುತ್ತಿರಲಿಲ್ಲ. ನಿಮಗೆ ವಿಚಿತ್ರ ಅನಿಸುವ ಮಾತುಗಳು ಈ ಕಾಗದದಲ್ಲಿ ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದವರು ಬರೆದಿಟ್ಟ ಪ್ರವಾಸದ ಬರಹಗಳನ್ನು ಓದಿ. ಅವುಗಳಲ್ಲಿ ನೋಡಿದರೆ ಎಲ್ಲ ಜಾಗವೂ ಭೂಲೋಕದ ಸ್ವರ್ಗವೇ. ಅಷ್ಟು ಸ್ವರ್ಗಗಳ ನಡುವೆ ನೀವು ಒಂದನ್ನು ಹೇಗೆ ಆರಿಸುತ್ತಿದ್ದಿರಿ ಮಾರಾಯ್ರೆ, ನನಗಂತೂ ಅರ್ಥವಾಗಿಲ್ಲ. ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಅಂತಲೂ ಕೇಳಬೇಡಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿನ ಕಿಟಕಿಯಲ್ಲಿ ಕೂರುವ ಹುಡುಗಿ ಹೋಗುತ್ತದೆ ಅಂತ ಹೇಳಿದ್ದಾಳೆ, ನಾನು ನಂಬಿದ್ದೇನೆ.

ಹೊಳೆಯ ಉಸ್ತುವಾರಿ ನೋಡುವ ಹೊಳೆಕೂಟದಲ್ಲಿ ನನ್ನ ಕೆಲಸದ ಹೆಸರು ನೋಟಗಾರ್ತಿ. ಹೊಳೆಯ ಮೇಲೆ ರಜೆಯವರು ಹೋಗಬಹುದಾದ ಹನ್ನೆರಡು ಜಾಗಗಳನ್ನು ವರ್ಷವರ್ಷವೂ ಆರಿಸಿ ಪಟ್ಟಿ ಮಾಡುವವಳು ನಾನು. ಇಪ್ಪತ್ತೆರಡನೇ ವಯಸ್ಸಿಗೆ ಸೇರಿದೆ, ಈಗ ಅರವತ್ತೊಂದು. ಕಚೇರಿ ಬೆಳಗಿನ ಜಾವ ನಾಲ್ಕಕ್ಕೆ ತೆರೆದು ಒಂಬತ್ತಕ್ಕೆ ಮುಚ್ಚುತ್ತದೆ, ಆಮೇಲಿನ ಬಿಸಿಲಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ದೋಣಿಗಳು ಬೆಳಿಗ್ಗೆ ಒಂದು ಸಲ, ಬಿಸಿಲು ಇಳಿದ ಮೇಲೆ ಸಂಜೆ ಇನ್ನೊಂದು ಸಲ ಹೊರಡುತ್ತವೆ. ಬಯಲುಸೀಮೆಯ ಊರುಗಳಿಂದ ಜನ ಬರುತ್ತಾರೆ. ನೀವು ಕಯಾಕ್ ಅನ್ನುವುದನ್ನು ನಾವು ಒಂಟಿದೋಣಿ ಅನ್ನುತ್ತೇವೆ. ತೆಂಗಿನ ನಾರನ್ನು ಒತ್ತಿ, ಮೇಲೆ ಅಂಟು ಬಳಿದು ಮಾಡಿದ್ದು, ಒಬ್ಬರು ಹೆಗಲ ಮೇಲೆ ಹೊರಬಹುದು. ಒಬ್ಬರಿಗೆ ಜನ್ಮದಲ್ಲಿ ಹೊಳೆಯ ಪಾಳಿ ಬರುವುದು ಒಂದೇ ಸಲ, ಒಂದೇ ದಿನ. ಹೊಳೆ ಕಡಿಮೆ, ಜನ ಜಾಸ್ತಿ, ಬೇರೆ ದಾರಿ ಇರಲಿಲ್ಲ. ಹಾಗಾಗಿ ನಾನು ತಪ್ಪು ಜಾಗ ತೋರಿಸಿದರೆ ಒಬ್ಬ ಮನುಷ್ಯನ ಇಡೀ ಜನ್ಮದ ಪಾಳಿಯೇ ಹಾಳು. ಈ ಭಯದಲ್ಲೇ ಮೂವತ್ತೊಂಬತ್ತು ವರ್ಷ ಕಳೆದಿದ್ದೇನೆ.

ಜಾಗ ಆರಿಸುವುದು ನಿಮ್ಮ ಚಿತ್ರಗಳಲ್ಲಿ ಕಂಡಷ್ಟು ಸುಲಭವಲ್ಲ. ಮಧ್ಯಾಹ್ನ ತೆಗೆದ ಚಿತ್ರ ನೋಡಿ ಬೆಳಿಗ್ಗೆ ಹೋದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಭರತದಲ್ಲಿ ಕನ್ನಡಿಯಂತಿದ್ದ ನೀರು ಇಳಿತಕ್ಕೆ ಬರೀ ಕೆಸರು. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಹಿಗ್ಗಬೇಡಿ, ಬರುವಾಗ ಅದೇ ಗಾಳಿ ಎದೆಗೆ ನಿಂತು ತೋಳು ಕಿತ್ತು ಬರುವ ಹಾಗೆ ಮಾಡುತ್ತದೆ. ಸಣ್ಣ ಮಕ್ಕಳಿದ್ದವರಿಗೆ ಅಗಲ ಹೊಳೆ ಬೇಡ, ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆ ಸಾಕು. ಕಾಂಡ್ಲಾ ಅಂದರೆ ಉಪ್ಪುನೀರಲ್ಲಿ ಬೇರು ಎತ್ತಿ ನಿಲ್ಲುವ ಗಿಡ, ನಿಮ್ಮ ಕಾಲದಲ್ಲೂ ಇತ್ತು. ಜಗಳವಾಡಿಕೊಂಡು ಬಂದ ಗಂಡಹೆಂಡತಿಗೆ ನಾನು ಯಾವಾಗಲೂ ಉದ್ದದ ದಾರಿ ಕೊಡುತ್ತೇನೆ. ಅರ್ಧ ದಾರಿಗೆ ಇಬ್ಬರೂ ಸುಸ್ತಾಗಿ ಮಾತಿಗೆ ಬರುತ್ತಾರೆ.

ಇಷ್ಟೆಲ್ಲ ನೋಡಿದರೂ ಕೊನೆಯ ಮಾತು ನನ್ನದಲ್ಲ, ದಂಡೆಯವರದು. ಇದಕ್ಕೆ ಕೈಯೊಪ್ಪಿಗೆ ಅಂತ ಹೆಸರು. ಜಾಗದ ಬಾಯಿಗೆ ಬಂದಾಗ ದೋಣಿಗಳು ನಿಲ್ಲಬೇಕು. ಮುಂದಾಳು, ಅಂದರೆ ದಾರಿ ತೋರಿಸುವವನು, ತನ್ನ ಹುಟ್ಟನ್ನು ಮೇಲೆತ್ತಿ ಹಿಡಿಯುತ್ತಾನೆ. ಆ ನೀರಲ್ಲಿ ದುಡಿದು ಉಣ್ಣುವವರಲ್ಲಿ ಒಬ್ಬರು ದಂಡೆಯಿಂದ ಕೈ ಎತ್ತಿದರೆ ಒಳಗೆ ಹೋಗಬಹುದು. ಎತ್ತದಿದ್ದರೆ ತಿರುಗಿ ಬರಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಮೂರು ದಿನ ಒಂದೇ ಸಮನೆ ಕೈ ಏಳದಿದ್ದರೆ ಆ ಜಾಗ ಆ ವರ್ಷದ ಪಟ್ಟಿಯಿಂದ ಬಿದ್ದುಹೋಗುತ್ತದೆ.

ನನ್ನ ಹನ್ನೆರಡರಲ್ಲಿ ಬೆಳ್ಳಕ್ಕಿಕೋಡಿಯಂಥದ್ದು ಇನ್ನೊಂದಿಲ್ಲ. ಕೋಡಿ ಅಂದರೆ ಇಲ್ಲಿ ಹೊಳೆಯಿಂದ ಒಳಕ್ಕೆ ಚಾಚಿದ ಹಿನ್ನೀರು. ಅಲ್ಲಿ ಕೈ ಎತ್ತುವವಳು ಸಾತಕ್ಕ, ಸಾತು ಅಂಬಿಗ. ಎಪ್ಪತ್ತು ದಾಟಿದ್ದಾಳೆ. ಸೊಂಟದ ಮಟ್ಟದ ನೀರಲ್ಲಿ ನಿಂತು ಕಾಲಿನಿಂದ ಕೆಸರು ತಡವಿ ಬಳಚು ತೆಗೆಯುತ್ತಾಳೆ. ಬಳಚು ಅಂದರೆ ಕೆಸರಲ್ಲಿ ಬೆಳೆಯುವ ಚಿಪ್ಪು. ಸುತ್ತಲಿನ ನಲವತ್ತು ಮನೆಗಳ ಊಟಕ್ಕೆ ಅದೇ ಸಾರು, ಅದೇ ಸುಕ್ಕ. ಅವಳದು ಸ್ವಲ್ಪ ಮುಂಗೋಪ. ನನ್ನ ಅಳತೆಕೋಲು ಅವಳ ಬುಟ್ಟಿಗೆ ತಾಗಿದ್ದಕ್ಕೆ ಒಂದು ಸಲ ಎಂಟು ತಿಂಗಳು ಮಾತು ಬಿಟ್ಟಿದ್ದಳು.

ಈ ವರ್ಷ ನನ್ನ ಸ್ವಂತ ಪಾಳಿ ಬಂತು. ಚೀಟಿ ಎತ್ತಿ ದಿನವನ್ನೂ ಗೊತ್ತು ಮಾಡಿದರು, ಡಿಸೆಂಬರ್ ಒಂಬತ್ತು. ಬೇರೆಯವರಿಗೆ ಜಾಗ ಆರಿಸಿ ಆರಿಸಿ ಹಣ್ಣಾದವಳಿಗೆ ತನಗೆ ಆರಿಸಿಕೊಳ್ಳಲು ಒಂದು ಕ್ಷಣವೂ ಬೇಕಾಗಲಿಲ್ಲ. ಬೆಳ್ಳಕ್ಕಿಕೋಡಿಗೆ ನಾನು ನೂರಾರು ಸಲ ಹೋಗಿದ್ದೇನೆ, ಆದರೆ ಆಳ ಅಳೆಯಲಿಕ್ಕೆ, ಗಿಡ ಎಣಿಸಲಿಕ್ಕೆ. ಕೈ ಕಟ್ಟಿ ಸುಮ್ಮನೆ ಕುಳಿತು ನೋಡಿದ್ದೇ ಇಲ್ಲ. ಅಷ್ಟರಲ್ಲಿ ನವೆಂಬರಿನ ಎರಡನೇ ವಾರ ಅಲ್ಲಿಂದ ದೋಣಿಗಳು ವಾಪಸು ಬಂದವು. ಸಾತಕ್ಕ ಕೈ ಎತ್ತಲಿಲ್ಲವಂತೆ. ಮರುದಿನವೂ ಎತ್ತಲಿಲ್ಲ. ಇನ್ನೊಂದು ದಿನ ಹೀಗೇ ಆದರೆ ಜಾಗ ಪಟ್ಟಿಯಿಂದ ಹೋಯಿತು, ಅದರ ಜೊತೆ ನನ್ನ ಪಾಳಿಯೂ. ಮುದುಕಿಗೆ ಮತ್ತೆ ಯಾವುದೋ ಸಿಟ್ಟು ಏರಿದೆ ಅಂದುಕೊಂಡೆ. ನನ್ನ ಮೇಲೇ ಇರಬೇಕು ಅಂತಲೂ ಅನಿಸಿತು.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ. ಮೂರನೇ ದಿನ ಬೆಳಿಗ್ಗೆ ನಾನು ದಂಡೆಯ ದಾರಿಯಲ್ಲಿ ನಡೆದು ಹೋಗಿ, ಸಾತಕ್ಕನ ಹಾಗೆ ತಲೆಗೆ ವಸ್ತ್ರ ಸುತ್ತಿಕೊಂಡು, ಅವಳು ಕೂರುವ ಕಲ್ಲಿನ ಮೇಲೆ ಕುಳಿತೆ. ಅವಳು ಅಲ್ಲಿರಲಿಲ್ಲ. ಬಳ್ಳಾರಿ ಕಡೆಯ ಎಂಟು ಜನರ ದೋಣಿಗಳು ಬಂದವು, ಮುಂದಾಳು ಹುಟ್ಟು ಎತ್ತಿದ, ನಾನು ಕೈ ಎತ್ತಿದೆ. ಅಷ್ಟು ದೂರದಿಂದ ಅವನಿಗೆ ಮುಖ ಕಾಣಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆ ಆಗಲಿಲ್ಲ, ಖುಷಿಯೇ ಆಯಿತು.

ಇಳಿತದ ಹೊತ್ತು. ಕೋಡಿಯ ನಡುವೆ ದೋಣಿಗಳ ತಳ ಕೆಸರಿಗೆ ತಾಗಿತು. ಕೈ ಎದ್ದಿದೆ ಅಂದಮೇಲೆ ಇಳಿದರೂ ತೊಂದರೆ ಇಲ್ಲ ಅಂತ ಮುಂದಾಳು ತಿಳಿದ. ಎಂಟೂ ಜನ ಇಳಿದು, ದೋಣಿ ಎಳೆಯುತ್ತ, ಮೊಣಕಾಲುದ್ದದ ಕೆಸರಲ್ಲಿ ನಗುತ್ತ ಕೇಕೆ ಹಾಕುತ್ತ ಆ ತುದಿಯಿಂದ ಈ ತುದಿಗೆ ನಡೆದರು. ಅವರದೇನೂ ತಪ್ಪಿಲ್ಲ, ಒಳ್ಳೆಯ ಜನ. ಇಂಥ ದಿನ ಜನ್ಮದಲ್ಲಿ ಕಂಡಿಲ್ಲ ಅಂತ ಊರಿಗೆ ಹೊರಡುವಾಗ ಕಚೇರಿಗೆ ಬಂದು ನನ್ನ ಕೈ ಹಿಡಿದು ಹೇಳಿದರು. ಅವರು ತುಳಿದದ್ದು ಬಳಚಿನ ಮರಿಯನ್ನು. ಮಳೆಗಾಲ ಮುಗಿದ ಮೇಲೆ ನೀರಲ್ಲಿ ತೇಲಿ ಬಂದು, ಆಗಷ್ಟೇ ಕೆಸರು ಹಿಡಿದಿದ್ದ ಸಾಸಿವೆ ಕಾಳಿನಷ್ಟು ಮರಿ. ಎಂಟು ದೋಣಿಯ ತಳ ಉಳಿದದ್ದನ್ನೂ ಒರೆಸಿಹಾಕಿತು.

ಮರುದಿನ ಸಾತಕ್ಕ ಕಚೇರಿಗೆ ಬಂದಳು. ಬಯ್ಯುತ್ತಾಳೆ ಅಂತ ಮೈ ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಅವಳು ಬಯ್ಯಲಿಲ್ಲ. ಯಾರ ಕೈಯೇ ತಂಗಿ ಅದು, ಅಂತ ಕೇಳಿದಳು. ನನ್ನದು ಅಂದೆ. ಅವಳು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಳಿತಳು. ಆಮೇಲೆ ಹೇಳಿದಳು: ಎರಡು ದಿನ ಮರಿ ಕೆಸರು ಹಿಡಿಯಲಿ ಅಂತ ಕೈ ಎತ್ತದೆ ಬಿಟ್ಟಿದ್ದೆ. ಮೂರನೇ ದಿನ ಸಂಜೆಯ ದೋಣಿಗಳಿಗೆ ಕೈ ಎತ್ತುವವಳಿದ್ದೆ, ಆಗ ಭರತ ಇರುತ್ತದೆ, ಎದೆಮಟ್ಟದ ನೀರು, ಯಾವ ದೋಣಿಯೂ ತಳಕ್ಕೆ ತಾಗುವುದಿಲ್ಲ. ಪಟ್ಟಿಯಿಂದ ಜಾಗ ಹೋಗಲಿಕ್ಕೆ ಬಿಡುತ್ತಿದ್ದೆನಾ ನಾನು? ನಿನ್ನ ಪಾಳಿ ಅಲ್ಲಿಗೇ ಅಂತ ನನಗೆ ಗೊತ್ತಿರಲಿಲ್ಲವಾ? ಹೀಗೆ ಕೇಳಿ ಎದ್ದು ಹೋದಳು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಸಂಜೆಯವರೆಗೆ ಕಾದಿದ್ದರೆ ಆಗುತ್ತಿತ್ತು, ಅಷ್ಟೇ.

ಹೊಳೆಕೂಟದ ಮುಂದೆ ನಾನೇ ಎಲ್ಲ ಒಪ್ಪಿಕೊಂಡೆ. ಬೆಳ್ಳಕ್ಕಿಕೋಡಿಯನ್ನು ಇಪ್ಪತ್ತು ವರ್ಷ ಮುಚ್ಚಬೇಕು ಅಂತ ತೀರ್ಮಾನವಾಯಿತು. ನಲವತ್ತು ಮನೆಯ ಹೆಂಗಸರು ಈಗ ಬಳಚಿಗೆ ಒಂದೂವರೆ ಗಂಟೆ ನಡೆದು ಆಚೆ ದಂಡೆಗೆ ಹೋಗುತ್ತಾರೆ. ದಾರಿಯಲ್ಲಿ ನಾನು ಸಿಕ್ಕಿದರೆ ಮಾತಾಡಿಸುತ್ತಾರೆ, ಅದೇ ಕಷ್ಟ. ಉಳಿದ ಹನ್ನೊಂದರಲ್ಲಿ ಒಂದು ಜಾಗ ಆರಿಸಿಕೋ ಅಂತ ಕೂಟದವರು ನನಗೆ ಹೇಳಿದರು. ಬೇಡ ಅಂತ ಪಾಳಿಯ ಚೀಟಿ ವಾಪಸು ಕೊಟ್ಟು ಬಂದೆ.

ನಿಮ್ಮ ಕಾಲದಲ್ಲಿ ಪಾಳಿ ಇಲ್ಲ, ಚೀಟಿ ಇಲ್ಲ. ಶನಿವಾರ ಮನಸ್ಸಾದರೆ ಭಾನುವಾರ ಹೊಳೆಯಲ್ಲಿರುತ್ತೀರಿ. ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ, ಬೆಳ್ಳಕ್ಕಿಕೋಡಿಗೆ ಹೋಗಿ. ನಿಮ್ಮಲ್ಲಿ ಅದಕ್ಕೆ ಬೇರೆ ಹೆಸರಿರಬಹುದು, ಹೆಸರೇ ಇಲ್ಲದೆಯೂ ಇರಬಹುದು. ಹೊಳೆ ಸಮುದ್ರ ಸೇರುವ ಮುಂಚೆ ಬಲಕ್ಕೆ ಕಾಂಡ್ಲಾ ದಟ್ಟವಾಗುವಲ್ಲಿ ಒಂದು ಕಿರಿದಾದ ಬಾಯಿ ಸಿಗುತ್ತದೆ. ಭರತ ಶುರುವಾಗಿ ಒಂದು ಗಂಟೆ ಬಿಟ್ಟು ದೋಣಿ ಇಳಿಸಿ. ಎರಡು ತಿರುವು ದಾಟಿದ ಮೇಲೆ ಗಿಡಗಳು ಇದ್ದಕ್ಕಿದ್ದಂತೆ ಸರಿದು ಅಗಲ ನೀರು ಬರುತ್ತದೆ, ಬೆಳಿಗ್ಗೆ ಆರೂವರೆಗೆ ಅದರ ಮೇಲೆ ಇನ್ನೂ ಬಿಸಿಲು ಬಿದ್ದಿರುವುದಿಲ್ಲ. ಅಲ್ಲಿ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಡಿ. ಅಲ್ಲಿ ನೀರಲ್ಲಿ ನಿಂತು ದುಡಿಯುವ ಹೆಂಗಸರು ಇದ್ದರೆ, ಬರಬಹುದಾ ಅಂತ ಕೇಳಿಯೇ ಹೋಗಿ. ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳದೆ ತಿರುಗಿ ಬನ್ನಿ, ನಿಮಗೆ ಮುಂದಿನ ವಾರ ಇದೆ.

ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಸುಳ್ಳು ಹೇಳುವುದಿಲ್ಲ. ಆದರೂ ನನ್ನ ಪಾಳಿಯನ್ನು ನಿಮಗೇ ಕೊಟ್ಟಿದ್ದೇನೆ. ಡಿಸೆಂಬರ್ ಒಂಬತ್ತಕ್ಕೆ ಆದರೆ ಒಳ್ಳೆಯದು, ಆಗದಿದ್ದರೆ ಯಾವತ್ತಾದರೂ ಸರಿ. ನೀರು ಇಳಿಯುವ ಮೊದಲು ಹೊರಗೆ ಬಂದುಬಿಡಿ, ಕೆಸರಿಗೆ ಮಾತ್ರ ಕಾಲಿಡಬೇಡಿ.

ಇಂತಿ,
ಕಮಲಾಕ್ಷಿ ಹರಿಕಂತ್ರ