ಕತ್ತರಿ ಹಾಕಿದ ಜಾಗ

ಮಾರ್ಚ್ ೪, ಸಂಜೆ

ಲ್ಯಾಬಿನಲ್ಲಿ ಇವತ್ತೂ ಕತ್ತಲೆ. ಪ್ಲೇಟಿನ ಒಂದು ಗುಳಿಯೂ ಮಿನುಗಲಿಲ್ಲ. ಬೆಳಕು ಅಳೆಯುವ ಯಂತ್ರ ಕೆಟ್ಟಿದೆ ಎನ್ನೋಣವೆಂದರೆ ಪಕ್ಕದ ಮೇಜಿನವನ ಪ್ಲೇಟು ಚೆನ್ನಾಗಿಯೇ ಬೆಳಗಿತು. ಮೈಯೆಲ್ಲ ಉರಿಯಿತು.

ಮನೆಗೆ ಬಂದ ಮೇಲೆ ಭಾವ ಕೇಳಿದರು, “ಅಲ್ಲಿ ದಿನಾ ಏನಮ್ಮ ಮಾಡ್ತೀಯ?” ಹೇಳಿದೆ. ಜೀವಕೋಶದಲ್ಲಿ ರೈಬೋಸೋಮ್ ಎಂಬ ಯಂತ್ರವಿದೆ. ಆರ್‌ಎನ್‌ಎ ಎಳೆಯನ್ನು ಓದಿ ಪ್ರೋಟೀನ್ ಕಟ್ಟುವುದು ಅದರ ಕೆಲಸ. ಕೆಲವು ಎಳೆಗಳಲ್ಲಿ ಅಸಲಿ ಪಾಠಕ್ಕೆ ಮೊದಲೇ ಒಂದು ಪುಟಾಣಿ ಪಾಠ ಇರುತ್ತದೆ. ಅದನ್ನು ಓದಿ ಮುಗಿಸಿದ ಯಂತ್ರ ಸಾಮಾನ್ಯವಾಗಿ ಕಳಚಿಬೀಳುತ್ತದೆ. ಒಮ್ಮೊಮ್ಮೆ ಮಾತ್ರ ಅದರ ಚಿಕ್ಕ ಹೋಳು ಎಳೆಗೆ ಅಂಟಿಕೊಂಡೇ ಮುಂದೆ ಸಾಗಿ, ಅಸಲಿ ಪಾಠವನ್ನು ಹೊಸದಾಗಿ ಶುರುಮಾಡುತ್ತದೆ. ಹೇಗೆ? ಅದೇ ನನ್ನ ಥೀಸಿಸ್. ಅಸಲಿ ಪಾಠದ ಜಾಗದಲ್ಲಿ ಮಿಣುಕುಹುಳದ ಜೀನ್ ಇಟ್ಟಿದ್ದೇನೆ. ಬೆಳಕು ಬಂದರೆ ಮತ್ತೆ ಶುರುವಾಯಿತು ಎಂದರ್ಥ.

“ಬಂತಾ?” ಎಂದರು ಭಾವ. ಎದ್ದು ಪಾತ್ರೆ ತೊಳೆಯಲು ಹೋದೆ.

ಮಾರ್ಚ್ ೬

ಅಕ್ಕ ಭೂಗೋಳದ ಟೀಚರ್. ಅವಳ ಮಾತು ಶುರುವಾಗುತ್ತಿದ್ದುದೇ “ಅಲ್ಲ ಕಣೇ” ಅಂತ. ಆಮೇಲೆ ನನ್ನ ತಲೆಗೂದಲಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲದಕ್ಕೂ ಮಂಗಳಾರತಿ. ಲಕ್ವ ಹೊಡೆದ ಮೇಲೆ “ಅಲ್ಲ” ಒಂದೇ ಉಳಿದಿದೆ. “ಅಲ್ಲ” ಎನ್ನುತ್ತಾಳೆ. ನಿಲ್ಲುತ್ತಾಳೆ.

ನಾನು ಬಿಡುವವಳೇ? “ನೀರಾ? ಫ್ಯಾನ್ ಹಾಕ್ಲಾ? ಬೆನ್ನು ನೋವಾ?” ಯಾವುದೋ ಒಂದು ಸರಿಹೋಗುತ್ತದೆ. ತಲೆ ಆಡಿಸುತ್ತಾಳೆ. ಕೆಲಸ ಮುಗಿಯಿತು. ಭಾವನೂ ಮೆಚ್ಚಿಕೊಂಡರು.

ಮಾರ್ಚ್ ೭

ಸ್ಪೀಚ್ ಥೆರಪಿಯವರು ಬಂದಿದ್ದರು. ಹೋಗುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: “ಇವ್ರು ಪ್ರಯತ್ನ ಪಡೋದನ್ನೇ ಬಿಡ್ತಾ ಇದ್ದಾರೆ. ಹೀಗೇ ಆದ್ರೆ ಇರೋ ಮಾತೂ ನಿಂತ್ಹೋಗುತ್ತೆ.” ಇನ್ನೂ ಏನೋ ಹೇಳಲು ಹೊರಟರು. ಬಸ್ಸಿಗೆ ತಡವಾಗಿತ್ತು. “ಗೊತ್ತು, ಗೊತ್ತು, ನೋಡ್ಕೋತೀನಿ” ಎಂದು ಓಡಿದೆ.

ಮಾರ್ಚ್ ೧೫

ಈಗ “ಅಲ್ಲ” ಕೂಡ ಇಲ್ಲ. ಬೆರಳು ತೋರಿಸುತ್ತಾಳೆ, ಅಷ್ಟೇ. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ನನಗೆ ಅ ಆ ಇ ಈ ಕಲಿಸಿದವಳು.

ಮಾರ್ಚ್ ೧೬

ನಮ್ಮ ಗೈಡ್ ಮೇಡಂ ನನ್ನ ಡಿಎನ್‌ಎ ನಕ್ಷೆ ತೆರೆದು ನೋಡಿದರು. ತುಂಬಾ ಹೊತ್ತು ನೋಡಿದರು.

“ಪುಟ್ಟ ಪಾಠ ಮುಗೀತು. ಪಕ್ಕದಲ್ಲೇ ಮಿಣುಕುಹುಳ ಇದೆ. ನಡುವೆ ಇದ್ದಿದ್ದು ಎಲ್ಲಿ ಹೋಯ್ತು?”

“ಖಾಲಿ ಜಾಗ ಮೇಡಂ. ಅಲ್ಲಿ ಏನೂ ಇರ್ಲಿಲ್ಲ. ತೆಗೆದೆ.”

ಲ್ಯಾಬಿನಲ್ಲಿ ನನ್ನ ಹೆಸರೇ ಕತ್ತರಿ. ಬೇಡದ್ದನ್ನೆಲ್ಲ ಕತ್ತರಿಸಿ ಅಚ್ಚುಕಟ್ಟು ಮಾಡುತ್ತೇನೆ. ಇಷ್ಟು ದಿನ ಅದು ಹೊಗಳಿಕೆ ಅಂದುಕೊಂಡಿದ್ದೆ.

ಮೇಡಂ ಬೈಯಲಿಲ್ಲ. “ಅದು ಖಾಲಿ ಅಲ್ಲಮ್ಮ, ಸುಧಾರಿಸ್ಕೊಳ್ಳೋ ಜಾಗ. ಒಂದು ಪಾಠ ಮುಗಿಸಿದ ರೈಬೋಸೋಮ್ ಹೋಳು ಬರಿಗೈಲಿರುತ್ತೆ. ಮತ್ತೆ ಶುರುಮಾಡ್ಬೇಕಂದ್ರೆ ಮೊದಲನೇ ಅಮೈನೋ ಆಮ್ಲ ಹೊತ್ತು ತರೋ ಟಿ-ಆರ್‌ಎನ್‌ಎ ಬಂದು ಸೇರ್ಬೇಕು. ಅದಕ್ಕೆ ಟೈಮ್ ಬೇಕು. ನಡ್ಕೊಂಡು ಹೋಗ್ತಾ ಹೋಗ್ತಾ ಸೇರುತ್ತೆ. ನೀನು ನಡೆಯೋ ದಾರಿನೇ ಎತ್ಬಿಟ್ಟಿದ್ದೀಯ.”

ಕತ್ತರಿಸಿದ್ದನ್ನು ಮತ್ತೆ ಜೋಡಿಸಬೇಕು. ಮೊದಲಿಂದ.

ಏಪ್ರಿಲ್ ೨

ಬೆಳಕು! ಒಂದಲ್ಲ, ಸಾಲಿಗೆ ಸಾಲೇ ಬೆಳಗಿತು. ಪಕ್ಕದ ಮೇಜಿನವನ ಬೆನ್ನಿಗೆ ಖುಷಿಯಲ್ಲಿ ಗುದ್ದಿಬಿಟ್ಟೆ, ಪಾಪ.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಟ್ಟೆ ನೋಡಿ ಬಾಯಿ ತೆರೆದಳು. “ಉಪ್ಪಾ?” ಎಂದೆ. ಬಾಯಿ ಮುಚ್ಚಿಕೊಂಡಳು. ಆ ಮುಖ...

ನನ್ನ ದನಿ ನನಗೇ ಕೇಳಿಸಿತು.

ಏಪ್ರಿಲ್ ೩

ಅಕ್ಕನ ಮಿದುಳು ರೈಬೋಸೋಮ್ ಅಲ್ಲ. ಇಂಥ ಹೋಲಿಕೆ ಬರೆದರೆ ಮೇಡಂ ಪೇಪರ್ ಮುಖಕ್ಕೆಸೆಯುತ್ತಾರೆ. ಆದರೂ ಥೆರಪಿಯವರಿಗೆ ಫೋನ್ ಮಾಡಿದೆ. “ಅವ್ಳು ಮಾತು ಹುಡುಕುವಾಗ ನಾವು ಸುಮ್ನೆ ಕಾಯ್ಬೇಕಾ?” ಎಂದೆ.

“ಅದನ್ನೇ ಅವತ್ತು ಹೇಳೋಕೆ ಬಂದಿದ್ದು. ನೀವು ಗೊತ್ತು ಗೊತ್ತು ಅಂದ್ಕೊಂಡು ಓಡಿದ್ರಿ.”

ಭಾವನಿಗೂ ತಾಕೀತು ಮಾಡಿದೆ. ಇನ್ನು ಯಾರೂ ಅಕ್ಕನ ಮಾತು ಮುಗಿಸಿಕೊಡುವಂತಿಲ್ಲ.

ಏಪ್ರಿಲ್ ೯

“ಅಲ್ಲ” ವಾಪಸ್ ಬಂತು. ಅಷ್ಟೇ, ಮುಂದಿಲ್ಲ. ಕಾಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಭಾವ ತಡೆಯಲಾರದೆ ಹೊರಗೆ ಹೋಗಿ ನಿಲ್ಲುತ್ತಾರೆ.

ಏಪ್ರಿಲ್ ೨೧, ಸಂಜೆ

ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಎದುರಿಗೆ ಅಕ್ಕ. ನನ್ನ ಬೆನ್ನ ಹಿಂದೆ ಒಲೆ, ಹಾಲು ಕಾಯಲು ಇಟ್ಟಿದೆ. ಮೇಡಂ ಇವತ್ತು—

“ಅಲ್ಲ” ಎಂದಳು. ನಿಂತಳು. ನನ್ನ ಬೆನ್ನ ಹಿಂದೆ ನೋಡುತ್ತಿದ್ದಾಳೆ.

ತಿರುಗಿ ನೋಡಬೇಕಿಲ್ಲ, ಸದ್ದೇ ಹೇಳುತ್ತಿದೆ. ಆ ಪದ ನನ್ನ ನಾಲಿಗೆ ತುದಿಗೆ ಬಂದಿದೆ. ಕಚ್ಚಿ ಹಿಡಿದು ಬರೆಯುತ್ತಿದ್ದೇನೆ, ಕೈಗಾದರೂ ಕೆಲಸವಿರಲಿ.

ಚುರ್ ಎಂದಿತು. ಉಕ್ಕಲಿ. ಒಲೆ ಆಮೇಲೆ ಉಜ್ಜಿದರಾಯಿತು. ಬೆರಳು ತೋರಿಸಬಹುದು ಅವಳು, ತೋರಿಸುತ್ತಿಲ್ಲ. ತುಟಿ ಅದುರುತ್ತಿದೆ. ಹುಡುಕುತ್ತಿದ್ದಾಳೆ. ಸಿಗಲಿ, ದೇವರೇ.

ಸೀದ ವಾಸನೆ.

“ಹಾ... ಹಾಲು.”

ಏಳಲಿಲ್ಲ. ಇನ್ನೂ ಇದೆ, ಕಣ್ಣಲ್ಲೇ ಕಾಣುತ್ತಿದೆ.

“ಹಾಲು... ಉಕ್... ಉಕ್ತು ಕಣೇ! ದಡ್ಡಿ!”

ಬೈದಳು. ಅಕ್ಕ ನನ್ನನ್ನು ಬೈದಳು!